ಕನಸಿನ ಗ್ಯಾರೇಜಿಗೆ ನಾಲ್ಕೇ ರೋಡ್‌ಸ್ಟರ್

ಭಾನುವಾರ, 14 ಸೆಪ್ಟೆಂಬರ್ 2025

ಕನಸಿನ ಗ್ಯಾರೇಜಿಗೆ ಬಾಡಿಗೆಯಿಲ್ಲ ನಿಜ. ಹಾಗಂತ ಸಿಕ್ಕಿದ್ದನ್ನೆಲ್ಲ ತುಂಬಿದರೆ ಅದು ಗೋದಾಮು. ಜಾಗ ನಾಲ್ಕು ಹಾಟ್ ರಾಡ್‌ಗಳಿಗೆ, ಅಂದರೆ ವೇಗಕ್ಕೆಂದು ಮಾರ್ಪಡಿಸಿದ ಹಳೆಯ ಅಮೆರಿಕನ್ ಕಾರುಗಳಿಗೆ ಮಾತ್ರ. ಅವೂ ರೋಡ್‌ಸ್ಟರ್, ಗಟ್ಟಿ ಛಾವಣಿಯಿಲ್ಲದವು. ಷರತ್ತು ಒಂದೇ: ಓಡಲೆಂದು ಕಟ್ಟಿದ ಗಾಡಿಯಾಗಿರಬೇಕು. ಆದ್ದರಿಂದ ಜಾರ್ಜ್ ಬ್ಯಾರಿಸ್ ಕಟ್ಟಿದ 'ಆಲಾ ಕಾರ್ಟ್' ಹೊರಗೆ. 1958 ಮತ್ತು 1959ರಲ್ಲಿ ಸಾಲಾಗಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಕಾರು ಪ್ರದರ್ಶನದ ಟ್ರೋಫಿ ಹೊಡೆದಿರಬಹುದು, ಆದರೆ ಅದರ ಜಾಗ ಕಾರ್ಪೆಟ್ಟಿನ ಮೇಲೆ.

ಮೊದಲನೆಯದು ಎಡ್ 'ಇಸ್ಕಿ' ಇಸ್ಕೆಂಡೇರಿಯನ್‌ನ 1924ರ ಫೋರ್ಡ್ ಮಾಡೆಲ್ ಟಿ. 1942ರಲ್ಲಿ ಕ್ಯಾಲಿಫೋರ್ನಿಯಾದ ಎಲ್ ಮಿರಾಜ್ ಒಣಕೆರೆಯ ಮೇಲೆ ಗಂಟೆಗೆ 120 ಮೈಲು ಮುಟ್ಟಿದ ಗಾಡಿ. ಇದನ್ನು ಆರಿಸಿದ್ದು ವೇಗಕ್ಕಲ್ಲ, ಎಂಜಿನ್ ಮೇಲೆ ಕೂತಿರುವ ಮ್ಯಾಕ್ಸಿ ಹೆಡ್‌ಗಳಿಗೆ. ಫೋರ್ಡ್ ಫ್ಲಾಟ್‌ಹೆಡ್ ವಿ8ರ ಹಣೆಬರಹವೇ ಬಿಸಿ. ಅದರ ಎಕ್ಸಾಸ್ಟ್ ವಾಲ್ವ್ ಮೇಲಿನ ಮುಚ್ಚಳವಾದ ಹೆಡ್‌ನಲ್ಲಿಲ್ಲ, ಸಿಲಿಂಡರ್‌ಗಳಿರುವ ಬ್ಲಾಕಿನೊಳಗೇ ಇರುತ್ತದೆ. ಸುಟ್ಟ ಗಾಳಿ ತಂಪಿಗೆಂದು ನೀರು ಹರಿಯುವ ಜಾಕೆಟ್ಟಿನ ನಡುವೆ ಹಾದು ಹೊರಬರಬೇಕು. ಒಂದೊಂದು ಬದಿಗೆ ನಾಲ್ಕು ಸಿಲಿಂಡರ್, ದಾರಿ ಮಾತ್ರ ಮೂರು. ನಡುವಿನ ಎರಡಕ್ಕೂ ಸೇರಿ ಒಂದೇ. ಬಿರುಕು ಮೊದಲು ಕಾಣಬೇಕಾದದ್ದೂ ವಾಲ್ವ್ ಸೀಟಿನಿಂದ ಸಿಲಿಂಡರಿನ ಕಡೆಗೇ. ಮ್ಯಾಕ್ಸಿ ಹೆಡ್ ಎಕ್ಸಾಸ್ಟ್ ವಾಲ್ವನ್ನು ಮೇಲಕ್ಕೆ ಎತ್ತಿಬಿಟ್ಟಿತು, ಇನ್‌ಟೇಕ್ ಮಾತ್ರ ಕೆಳಗೇ ಉಳಿಯಿತು. ಭಾರ ಹೊತ್ತು ಏರುವ ಲಾರಿಗಳು ಕುದಿಯದಿರಲಿ ಎಂದು ಮಾಡಿದ ಮಾಲು ಹುಡುಗರ ರೇಸಿಗೆ ಬಂತು.

ಮ್ಯಾಕ್ಸಿ ಸಿಗದವರು, ಅಂದರೆ ಹೆಚ್ಚುಕಡಿಮೆ ಎಲ್ಲರೂ, ಮಾಮೂಲಿ ಫ್ಲಾಟ್‌ಹೆಡ್ ಜೊತೆಗೇ ಏಗಬೇಕು. ಬ್ಲಾಕ್ ಕೊಂಡ ಕೂಡಲೇ ಬೋರ್ ಮಾಡಿಸಲು, ಅಂದರೆ ಸಿಲಿಂಡರ್ ಅಗಲಿಸಲು, ಓಡಬೇಡಿ. ಮೊದಲು ನೀರಿನ ಜಾಕೆಟ್ಟಿನಲ್ಲಿ ಗಟ್ಟಿಯಾಗಿ ಕೂತ ತುಕ್ಕು ಮತ್ತು ಅಚ್ಚಿನ ಮರಳನ್ನು ಕೆರೆದು ತೆಗೆಯಬೇಕು, ನಂತರ ಬಿರುಕು ಹುಡುಕುವ ಮ್ಯಾಗ್ನಾಫ್ಲಕ್ಸ್, ನಂತರ ಗೋಡೆಯ ದಪ್ಪ ಅಳೆಯುವ ಸೋನಿಕ್ ಪರೀಕ್ಷೆ. 3-5/16 ಇಂಚಿನ ಬೋರಿಗೆ 1949–53ರ ಮರ್ಕ್ಯುರಿಯ 4 ಇಂಚಿನ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಕ್ರ್ಯಾಂಕ್ ಕೂರಿಸಿದರೆ ಎಂಜಿನ್ ಗಾತ್ರ 276 ಘನ ಇಂಚು. ಅಷ್ಟು ಸಾಕು. ಗೋಡೆಯ ದಪ್ಪ ಅಳೆಯದೆ 3-3/8ಕ್ಕೆ ಹೋದರೆ ಮೊದಲ ಬೇಸಿಗೆಯಲ್ಲೇ ನೀರು ಎಣ್ಣೆಗೆ ಇಳಿದೀತು. ಒಂದೊಂದು ಬದಿಗೂ ಬೇರೆ ವಾಟರ್ ಪಂಪ್ ಇರುವುದರಿಂದ ಥರ್ಮೋಸ್ಟ್ಯಾಟ್ ಕೂಡ ಎರಡು ಬೇಕು. ಒಂದೇ ಹಾಕಿದರೆ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ.

ಈ ಎಂಜಿನ್ನಿಗೆ ಹಾಕುವ ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರಿನ ಮೇಲೆ ಹೊರಿಸುವ ಅಪವಾದಗಳಲ್ಲಿ ಅರ್ಧಕ್ಕರ್ಧ ಪೆಟ್ರೋಲ್ ಪಂಪಿನದು. ಅದಕ್ಕೆ ಬೇಕಾದ ಒತ್ತಡ ಎರಡು, ಎರಡೂವರೆ ಪಿಎಸ್‌ಐ. ಈಗಿನ ಎಲೆಕ್ಟ್ರಿಕ್ ಪಂಪುಗಳು ನಾಲ್ಕಾರು ಕೊಟ್ಟು ಪೆಟ್ರೋಲ್ ತಡೆಯುವ ನೀಡಲ್ ವಾಲ್ವನ್ನೇ ತಳ್ಳಿಬಿಡುತ್ತವೆ. ಬೌಲ್ ತುಂಬಿ ಪೆಟ್ರೋಲ್ ಸೀದಾ ಮ್ಯಾನಿಫೋಲ್ಡಿಗೆ ಸುರಿಯುತ್ತದೆ, ಸಿಲಿಂಡರ್ ಗೋಡೆಯ ಎಣ್ಣೆ ತೊಳೆದುಹೋಗುತ್ತದೆ, ರಿಂಗ್ ಸವೆಯುತ್ತದೆ. ಜೆಟ್ ಬದಲಾಯಿಸುವ ಮುಂಚೆ ರೆಗ್ಯುಲೇಟರ್ ಹಾಕಿ, ಗೇಜ್ ಹಿಡಿದು ನೋಡಿ.

ಎರಡನೆಯದು ಬಿಲ್ ನೀಕ್ಯಾಂಪ್‌ನ 1929ರ ಮಾಡೆಲ್ ಎ. 1950ರಲ್ಲಿ ಓಕ್ಲೆಂಡಿನ ಮೊದಲ 'ಅಮೆರಿಕದ ಅತ್ಯಂತ ಸುಂದರ ರೋಡ್‌ಸ್ಟರ್' ಪ್ರಶಸ್ತಿ ಇದಕ್ಕೇ ಸಂದಿತು. ಟ್ರೋಫಿ ಗೆದ್ದ ಮೇಲೂ ಮುಸುಕು ಹೊದ್ದು ಮಲಗಲಿಲ್ಲ. 1952ರಲ್ಲಿ ಎಲ್ ಮಿರಾಜ್‌ಗೆ ಹೋಗಿ 142 ಮೈಲು ವೇಗ ದಾಖಲಿಸಿತು. ಬೇರೆ ಶಿಫಾರಸು ಬೇಕಿಲ್ಲ.

ಉಳಿದೆರಡೂ 1932ರ ಫೋರ್ಡ್. ಪಕ್ಷಪಾತ ಅನ್ನಿ, ಪರವಾಗಿಲ್ಲ. ಮಾಡೆಲ್ ಎಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ಅಂತರ) 103.5 ಇಂಚು, ಇದರದು 106. ಅದಕ್ಕಿಂತ ಮುಖ್ಯವಾದದ್ದು ಚಾಸಿಸ್. ಬೇರೆ ಕಾರುಗಳಲ್ಲಿ ಫೆಂಡರ್ ಕಿತ್ತರೆ ಒಳಗಿನ ಕಬ್ಬಿಣ ಬೋಳಾಗಿ ಕಾಣುತ್ತದೆ. ಇದರ ರೈಲಿನ, ಅಂದರೆ ಚಾಸಿಸ್ಸಿನ ಉದ್ದ ತೊಲೆಯ, ಹೊರಮೈಗೆ ಕಾರ್ಖಾನೆಯಲ್ಲೇ ಒಂದು ಗೆರೆ ಒತ್ತಿದ್ದಾರೆ, ಬರಿಮೈಯಲ್ಲೇ ಲಕ್ಷಣ. ನಕಲಿಗಳ ಕಾಟವೂ ಇದಕ್ಕೇ ಹೆಚ್ಚು. ಉಕ್ಕಿನ ಹೊಸ ಬಾಡಿಯೇ ಮಾರುಕಟ್ಟೆಯಲ್ಲಿ ಸಿಗುತ್ತದೆ. ಕೊಳ್ಳುವಾಗ ಬಾಡಿ ಬಿಟ್ಟು ಫ್ರೇಮ್ ನೋಡಿ. ಎಡಗಡೆ ರೈಲಿನ ಮೇಲ್ಭಾಗದಲ್ಲಿ ನಕ್ಷತ್ರಗಳ ನಡುವೆ 18- ಎಂದು ಶುರುವಾಗುವ ಸಂಖ್ಯೆ ಇದ್ದರೆ ಅದು ವಿ8. ಎಬಿ ಎಂದಿದ್ದರೆ ನಾಲ್ಕು ಸಿಲಿಂಡರಿನದು.

ಮೂರನೆಯದು ಬಾಬ್ ಮೆಗೀಯ ಕೆಂಪು ರೋಡ್‌ಸ್ಟರ್. ಅದು 1948ರ ಅಕ್ಟೋಬರಿನಲ್ಲಿ 'ಹಾಟ್ ರಾಡ್' ಪತ್ರಿಕೆಯ ಮುಖಪುಟಕ್ಕೆ ಬಂತು. ಬಾಗಿಲಿನ ಕೀಲುಗಳನ್ನು ಒಳಗೆ ಅಡಗಿಸಿದ್ದಾರೆ. ಕಿತ್ತು ಬೆಸುಗೆ ಹಾಕುವುದು ಸುಲಭ, ಬಾಗಿಲಿನ ಅಂಚು ಎಲ್ಲೆಡೆ ಒಂದೇ ಸಂದು ಉಳಿಸಿಕೊಳ್ಳುವುದು ಕಷ್ಟ. ಒಳಕೀಲಿನ ತಿರುಗುಬಿಂದು ತುಸು ಜರುಗಿದರೂ ಬಾಗಿಲಿನ ಮುಂದಂಚು ಕೌಲ್‌ಗೆ (ಬಾಗಿಲಿನ ಮುಂದಿರುವ ಬಾಡಿ ಭಾಗ) ತಾಗಿ ಬಣ್ಣ ಕಿತ್ತು ಬರುತ್ತದೆ. ಆಮೇಲೆ ಡಿಕ್ ಸ್ಕ್ರಿಚ್‌ಫೀಲ್ಡ್ ಕೈಗೆ ಬಂದ ಇದೇ ಕಾರು ಷೆವರ್ಲೆ ಎಂಜಿನ್ ಹೊತ್ತು ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 167 ಮೈಲು ದಾಟಿತು.

ಡೋನ್ ಸ್ಪೆನ್ಸರ್‌ನ ಕಪ್ಪು ರೋಡ್‌ಸ್ಟರ್ ಮಾತ್ರ ನಾಲ್ಕರಲ್ಲಿ ದೊಡ್ಡಣ್ಣ. ಹಿಂದಕ್ಕೆ ಓರೆಯಾದ ಡುವಾಲ್ ವಿಂಡ್‌ಷೀಲ್ಡ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಗ್ಗಿ ನೋಡಬೇಕಾದದ್ದು ಎಕ್ಸಾಸ್ಟ್ ಪೈಪು. ಮೆಕ್ಸಿಕೋದ ಕರೇರಾ ಪನಾಮೆರಿಕಾನಾ ರೇಸಿಗೆಂದು ತಯಾರಿ ನಡೆಸಿದ್ದವನು ನೆಲಕ್ಕೆ ಏನೂ ತಾಗದಿರಲೆಂದು ಪೈಪನ್ನು ಫ್ರೇಮಿನ ಒಳಗಿಂದಲೇ ತೂರಿಸಿದ. ರೈಲನ್ನು ಕೊರೆದರೆ ಬಲ ಕುಗ್ಗುತ್ತದೆ, ಆದ್ದರಿಂದ ತೂತಿನ ಸುತ್ತ ಬಲಪಡಿಸಲೇಬೇಕು. ಅನುಕರಿಸುವವರು ಬಿಡುವುದೂ ಇದನ್ನೇ. 1997ರಲ್ಲಿ ಪೆಬಲ್ ಬೀಚ್ ಹಳೆಯ ಕಾರುಗಳ ಪ್ರದರ್ಶನದವರು ಮೊದಲ ಸಲ ಹಾಟ್ ರಾಡ್‌ಗಳಿಗೆ ವಿಭಾಗ ತೆರೆದಾಗ ಗೆದ್ದದ್ದು ಇದೇ.

ಮುಂಭಾಗದ ಬಗ್ಗೆ ಒಂದು ಮಾತು. ಮುಂದಿನ ಆಕ್ಸಲನ್ನು ಹಿಡಿದಿಡುವ ವಿ ಆಕಾರದ ವಿಷ್‌ಬೋನ್ ಸೀಳಿ ಫ್ರೇಮಿನ ಎರಡೂ ಬದಿಗೆ ಕಟ್ಟಿದರೆ ಒಂದು ಚಕ್ರ ಮೇಲೇರಿದಾಗ ಆಕ್ಸಲ್ ತಿರುಚಿಕೊಳ್ಳಬೇಕಾಗುತ್ತದೆ. ಐ-ಬೀಮ್ ಆಕ್ಸಲ್ ಅಷ್ಟು ತಿರುಚು ತಾಳುತ್ತದೆ, ಕೊಳವೆ ಆಕ್ಸಲ್ ತಾಳುವುದಿಲ್ಲ. ಸ್ಟೀರಿಂಗ್ ಗದಗದ ನಡುಗಿದರೆ ಡ್ಯಾಂಪರ್ ಹಾಕಿ ಮುಚ್ಚಬೇಡಿ. ಚಕ್ರ ತಿರುಗಿಸುವ ಕಿಂಗ್‌ಪಿನ್ ಸಡಿಲವಾಗಿದೆಯೇ ನೋಡಿ, ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ಓರೆಯಾಗಿರುವ ಕೋನ) 5ರಿಂದ 7 ಡಿಗ್ರಿ, ಟೋ-ಇನ್ (ಚಕ್ರಗಳ ಮುಂಭಾಗ ಒಳಗೆ ಬಾಗಿರುವ ಅಳತೆ) 1/8 ಇಂಚಿನೊಳಗೆ ಇಡಿ.

ಐದನೆಯ ಜಾಗ ಮಾಡಲೇಬೇಕಾದರೆ ಡಿಕ್ ಫ್ಲಿಂಟ್‌ನ 1929ರ ಮಾಡೆಲ್ ಎ. ಅದಕ್ಕೆ ಇಸ್ಕಿಯ ಟಿಯನ್ನು ಗೋಡೆಗೆ ಒತ್ತಿ ನಿಲ್ಲಿಸಬೇಕಾದೀತು.