ಊರಲ್ಲಿ ಬೋರ್ ಆಗಲ್ವಾ ಅಂತ ಕೇಳುವವರಿಗೆ

ಆಗುತ್ತದೆ. ಬೆಂಗಳೂರಲ್ಲೂ ಆಗುತ್ತಿತ್ತು. ಮುಂದಿನ ಪ್ರಶ್ನೆ?

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಮದುವೆ ಮನೆಯಲ್ಲಿ ಬಾಳೆಲೆ ಮುಂದೆ ಕೂತಾಗ ಪಕ್ಕದವರಿಗೆ ಹೀಗೆ ಹೇಳಲು ಆಗುವುದಿಲ್ಲ. ಪಾಯಸ ಬರುವ ತನಕವಾದರೂ ಮರ್ಯಾದೆಯಿಂದ ಮಾತಾಡಬೇಕು. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಯಾರು ಕೇಳಿದರೂ ಲಿಂಕ್ ಕಳಿಸುವುದೇ.

ಪ್ರಶ್ನೆ ಇಷ್ಟು: ಬೆಂಗಳೂರಿನ ಕೆಲಸ ಬಿಟ್ಟು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹಳ್ಳಿಗೆ ಬಂದು ಕೂತಿದ್ದೀರಲ್ಲ, ಊರು ಒಳ್ಳೆಯದಾ, ಪೇಟೆ ಒಳ್ಳೆಯದಾ? ಕೇಳುವವರಲ್ಲಿ ಎರಡು ಜಾತಿ. ಮೊದಲನೆಯವರು ಸ್ವರ ತಗ್ಗಿಸಿ, "ಕಂಪೆನಿಯಲ್ಲಿ ಎಂತಾದ್ರೂ ತೊಂದರೆ ಆಯ್ತಾ?" ಅನ್ನುತ್ತಾರೆ. ಇವರನ್ನು ಸಹಿಸಬಹುದು. ಎರಡನೆಯವರು, "ನೀವೇ ಪುಣ್ಯವಂತರು ಮಾರಾಯ್ರೆ, ಒಳ್ಳೆ ಗಾಳಿ, ಒಳ್ಳೆ ನೀರು, ಟೆನ್ಶನ್ ಇಲ್ಲ" ಅನ್ನುತ್ತಾರೆ. ಇವರ ಎದುರು ನನಗೆ ಪಾಯಸವೂ ರುಚಿಸುವುದಿಲ್ಲ.

ಟೆನ್ಶನ್ ಇಲ್ಲವಂತೆ! ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಲು ಜನ ಹುಡುಕುತ್ತಾ ನಾನು ಮಾಡುವ ಫೋನುಗಳನ್ನು ಇವರು ಒಮ್ಮೆ ಕೇಳಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೋರ್ಡೋ ಕಲಸಲು ಯಾರಿಗೂ ಬರುತ್ತದೆ. ಅದನ್ನು ಅಷ್ಟು ಎತ್ತರದ ಗೊನೆಗೆ ಮುಟ್ಟಿಸುವವರು ಬೇಕಲ್ಲ. 40–45 ದಿನ ಬಿಟ್ಟು ಮತ್ತೊಂದು ಸಲ. ನಡುವೆ ಬಿಡದೆ ಮಳೆ ಹೊಡೆದು ಕೊಳೆರೋಗ ಹಿಡಿದರೆ ಎಳೆಕಾಯಿ ಎಲ್ಲ ಬುಡದಲ್ಲಿ. ಈಗ ಫೈಬರಿನ ಉದ್ದ ಕೋಲು, ಅಂದರೆ ದೋಟಿ ಬಂದಿದೆ, ನೆಲದಲ್ಲೇ ನಿಂತು ಮದ್ದು ಬಿಡಬಹುದು. ಕತ್ತು ಮಾತ್ರ ನಾಲ್ಕು ದಿನ ಕೆಳಗೆ ಬರುವುದಿಲ್ಲ.

ನಾನು ಬಂದದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಅಪ್ಪನಿಗೆ ವಯಸ್ಸಾಯಿತು, ತೋಟಕ್ಕೆ ಜನ ಬೇಕಿತ್ತು. ನನ್ನದು ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡುವ ಕೆಲಸ, ಎಲ್ಲಿ ಕೂತೂ ಮಾಡಬಹುದು. ಮಣ್ಣಿನ ಸೆಳೆತ, ಪ್ರಕೃತಿಯ ಕರೆ ಇಂಥದ್ದೇನೂ ನನಗೆ ಕೇಳಿಸಿರಲಿಲ್ಲ.

ಅಷ್ಟಕ್ಕೂ ಇದು ನೀವು ಅಂದುಕೊಂಡ ಹಾಗಿನ ಹಳ್ಳಿಯೂ ಅಲ್ಲ. ಕೇರಳದಲ್ಲಿ ಒಂದು ಊರು ಮುಗಿದು ಇನ್ನೊಂದು ಶುರುವಾದದ್ದು ಬಸ್ಸಿನ ಕಂಡಕ್ಟರ್ ಹೇಳಿದರೆ ಮಾತ್ರ ಗೊತ್ತಾಗುತ್ತದೆ. ರಸ್ತೆ ಉದ್ದಕ್ಕೂ ಮನೆಗಳು, ಮನೆ ಬಾಗಿಲ ತನಕ ಟಾರು. 2011ರ ಜನಗಣತಿ ಪ್ರಕಾರ ಕೇರಳದಲ್ಲಿ ಪೇಟೆಯವರು ನೂರಕ್ಕೆ 47ಕ್ಕಿಂತ ಜಾಸ್ತಿ, ಕರ್ನಾಟಕದಲ್ಲಿ 38ರ ಆಸುಪಾಸು. ಲೆಕ್ಕಪತ್ರದ ಮನುಷ್ಯನಾಗಿ ಹೇಳುತ್ತೇನೆ, ಹಳ್ಳಿ ಜಾಸ್ತಿ ಇರುವ ರಾಜ್ಯದಲ್ಲಿ ಇರುವವರು ನೀವು.

ಈಗ ನನ್ನ ಭಾವನ ಕಥೆ. ಅತ್ತೆಯ ಮಗ. ಅವನು ನನಗೆ ಭಾವ, ನಾನು ಅವನಿಗೆ ಭಾವ. ಬೆಂಗಳೂರಲ್ಲಿ ಸಾಫ್ಟ್‌ವೇರ್. ವರ್ಷಗಟ್ಟಲೆ "ನೀನೇ ಪುಣ್ಯವಂತ" ಅಂತ ಹೇಳಿ ಹೇಳಿ, ಒಂದು ಮೇ ತಿಂಗಳಲ್ಲಿ ಮದುವೆಗೆ ಬಂದವನು ಜಾಗ ನೋಡಿಯೇ ಹೋಗುತ್ತೇನೆ ಅಂತ ನಮ್ಮಲ್ಲಿ ಉಳಿದ. ಸಾಮಾನ್ಯವಾಗಿ ಜಾಗ ನೋಡುವವರು ಡಿಸೆಂಬರಿನಲ್ಲಿ ಬರುತ್ತಾರೆ. ಆಗ ತೋಡಿನಲ್ಲಿ ನೀರಿರುತ್ತದೆ, ಚಳಿ ಹಿತವಾಗಿರುತ್ತದೆ, ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ಫೋಟೋ ಚೆಂದ ಬರುತ್ತದೆ. ಮೇ ತಿಂಗಳಲ್ಲಿ ಬಂದವನು ಇವನೊಬ್ಬನೇ, ಅದಕ್ಕೆ ಅವನನ್ನು ಮೆಚ್ಚಬೇಕು.

ಬೆಳಿಗ್ಗೆ ಶವರಿನ ಕೆಳಗೆ ನಿಂತವನು ಸುಮಾರು ಹೊತ್ತು ಹೊರಗೆ ಬರಲಿಲ್ಲ. "ಭಾವ, ಎಂಥಾ ನೀರು ಮಾರಾಯ!" ಅಂತ ಒಳಗಿನಿಂದಲೇ ಹೊಗಳಿದ. ಅಡುಗೆಮನೆಯ ನಲ್ಲಿ ಗುರ್ ಗುರ್ ಅಂದು ನಿಂತಿತು. ನನ್ನ ಹೆಂಡತಿ ನನ್ನನ್ನು ನೋಡಿದಳು. ನಾನು ಭಾವನನ್ನು ಕರೆದುಕೊಂಡು ಸುರಂಗ ತೋರಿಸಲು ಹೋದೆ.

ಸುರಂಗ ಅಂದರೆ ರೈಲಿನದ್ದಲ್ಲ. ಗುಡ್ಡದ ಮೈಗೆ ಅಡ್ಡಲಾಗಿ ಕೊರೆದ ನೀರಿನ ದಾರಿ. ಬಾಯಾರು, ಎಣ್ಮಕಜೆ ಕಡೆಯೆಲ್ಲ ಇದೇ ಎಷ್ಟೋ ಮನೆಗಳ ಜೀವ. ನಮ್ಮದನ್ನು ಅಜ್ಜನ ಕಾಲದಲ್ಲಿ ಪಿಕ್ಕಾಸಿನಿಂದ ಕೊರೆದದ್ದು. ಒಳಗೆ ಮೋಂಬತ್ತಿ ಹಚ್ಚಿಟ್ಟು ಕೆಲಸ ಮಾಡುತ್ತಿದ್ದರಂತೆ. ಬೆಳಕು ಮಂಕಾದರೆ ಗಾಳಿ ಸಾಲದು ಅಂತ ಅರ್ಥ, ಹೊರಗೆ ಬಂದುಬಿಡಬೇಕು. ನಾವಿಬ್ಬರೂ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿಕೊಂಡು ಹೋದೆವು. ಕೊನೆಯಲ್ಲಿ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಗೋಡೆ. ಅಲ್ಲಿಂದ ನೀರು ಒಸರುತ್ತದೆ. ಹರಿದು ಬಂದು ಬಾಯಿಯ ಹತ್ತಿರ ಮಣ್ಣಿನ ಕಟ್ಟಕ್ಕೆ ತಾಗಿ ನಿಲ್ಲುತ್ತದೆ, ಅಲ್ಲಿಂದ ಪೈಪಿನಲ್ಲಿ ಟಾಂಕಿಗೆ. ಪಂಪು ಬೇಡ, ಕರೆಂಟು ಬೇಡ. ಮಳೆಗಾಲದಲ್ಲಿ ಪೈಪಿನ ಬಾಯಿ ಕೈಯಲ್ಲಿ ಮುಚ್ಚಲು ಆಗುವುದಿಲ್ಲ. ಆವತ್ತು ಬೀಳುತ್ತಿದ್ದದ್ದು ಪೆನ್ಸಿಲಿನಷ್ಟು ದಪ್ಪದ ನೀರು. ಕೆಳಗೆ ಖಾಲಿ ಟಾಂಕಿ. ರಾತ್ರಿಯಿಡೀ ತುಂಬಿದ್ದನ್ನು ಅವನು ಒಂದು ಸ್ನಾನಕ್ಕೆ ಮುಗಿಸಿದ್ದ.

"ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುವ ಜಾಗದಲ್ಲಿ ನೀರಿಲ್ವಾ?" ಅಂದ. ಬರುತ್ತದೆ ಭಾವ, ಆದರೆ ನಿಲ್ಲುವುದಿಲ್ಲ. ಮುರಕಲ್ಲಿನ ಗುಡ್ಡ, ಇಳಿಜಾರು ನೆಲ, ಗಿಡ್ಡ ಹೊಳೆಗಳು, ಹತ್ತಿರದಲ್ಲೇ ಸಮುದ್ರ.

"ಒಂದು ಬೋರ್‌ವೆಲ್ ಹೊಡೆಸಿದರೆ ಆಯ್ತಲ್ಲ," ಅಂದ. ಎಲ್ಲರೂ ಹಾಗೇ ಹೊಡೆಸಿದರೆ ಈ ಪೆನ್ಸಿಲೂ ಇರುವುದಿಲ್ಲ ಅಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದಿರಬೇಕು. ಸುರಂಗದೊಳಗೆ ಮಾತು ಮೊಳಗುತ್ತದೆ.

ಹೊರಗೆ ಬಂದು ಅವನು ಉಳಿದ ಪ್ರಶ್ನೆಗಳನ್ನು ಕೇಳಿದ. ಸೆಂಟ್ಸಿಗೆ ಎಷ್ಟು? ನೆಟ್ ಉಂಟಾ? ಕೆಲಸಕ್ಕೆ ಜನ ಸಿಗ್ತಾರಾ? ಕೊನೆಗೆ, ಚಪ್ಪಲಿಯ ಕೆಸರು ಒರೆಸುತ್ತಾ, "ಅರ್ಜೆಂಟ್ ಆದ್ರೆ ಆಸ್ಪತ್ರೆಗೆ ಎಲ್ಲಿಗೆ ಹೋಗ್ತೀರಿ?"

ಇದೊಂದನ್ನು ಸರಿಯಾಗಿ ಕೇಳಿದ. ಮಂಗಳೂರಿಗೆ ಹೋಗುತ್ತೇವೆ. ಅಂದರೆ ಬೇರೆ ರಾಜ್ಯಕ್ಕೆ.

ಊರಾ ಪೇಟೆಯಾ ಅಂತ ಕೇಳುವವರು ಒಮ್ಮೆ ಹೀಗೆ ಕೇಳಲಿ ನೋಡೋಣ: ನಿಮ್ಮ ಪೇಟೆ ಯಾವುದು? ಈ ಪ್ರಶ್ನೆಗೆ ನಾನು ಇಡೀ ಮಧ್ಯಾಹ್ನ ಬೇಕಾದರೂ ಉತ್ತರ ಕೊಡುತ್ತೇನೆ. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದರು. ಅಲ್ಲಿಯ ತನಕ ಕಾಸರಗೋಡು ಮದ್ರಾಸಿನ ಕೆಳಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮಂಗಳೂರು ನಮ್ಮ ಜಿಲ್ಲಾ ಕೇಂದ್ರ. ಗೆರೆ ಎಳೆದ ಮೇಲೂ ಕಾಲು ಹಳೇ ದಾರಿಯನ್ನೇ ಹಿಡಿಯುತ್ತದೆ. ಮದುವೆ ಸೀರೆ ಮಂಗಳೂರಲ್ಲಿ, ಡಾಕ್ಟರು ಮಂಗಳೂರಲ್ಲಿ, ಅಡಿಕೆಯ ಧಾರಣೆ ಮಂಗಳೂರಿನದ್ದು. 1973ರಲ್ಲಿ ಶುರುವಾದ ಅಡಿಕೆ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಎರಡೂ ರಾಜ್ಯದ ಬೆಳೆಗಾರರದ್ದು, ಅದರ ಕೇಂದ್ರ ಕಚೇರಿಯೂ ಅಲ್ಲೇ. ಸರಕಾರದ ದೊಡ್ಡ ಕೆಲಸ ಇದ್ದರೆ ಮಾತ್ರ ತಿರುವನಂತಪುರ. ಕಾಸರಗೋಡಿನಿಂದ ವಂದೇ ಭಾರತ್ ಹತ್ತಿದರೂ ಸುಮಾರು ಎಂಟು ಗಂಟೆಯ ದಾರಿ.

ಹೀಗೆ ಊರು ಒಂದು ರಾಜ್ಯದಲ್ಲಿ, ಅದರ ಪೇಟೆ ಇನ್ನೊಂದು ರಾಜ್ಯದಲ್ಲಿ ಇದ್ದರೆ ಏನಾಗುತ್ತದೆ ಅಂತ 2020ರ ಮಾರ್ಚಿನಲ್ಲಿ ಗೊತ್ತಾಯಿತು. ಕೊರೋನಾ ಅಂತ ಕರ್ನಾಟಕ ಗಡಿ ಮುಚ್ಚಿತು. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು. ಒಳರಸ್ತೆಗಳಿಗೆ ಮಣ್ಣು ತಂದು ಸುರಿದರು. ಮಂಗಳೂರು ಮುಟ್ಟಲಾಗದೆ ರೋಗಿಗಳು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಮಂಗಳೂರಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಅವರನ್ನು ಕಣ್ಣೂರು ಕಡೆಗೆ ಕರೆದುಕೊಂಡು ಹೋಗಬೇಕಾಯಿತು. ದೂರದ ಮಾತು ಬಿಡಿ, ಅಜ್ಜಿಗೆ ಮಲಯಾಳ ಬರುವುದಿಲ್ಲ. ಎಲ್ಲಿ ನೋಯುತ್ತದೆ ಅಂತ ಹೇಳಲೂ ಮಗ ಜೊತೆಗಿರಬೇಕು. ಇಲ್ಲೇ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಹಾಕಿದ್ದರು. ಆ ಕಟ್ಟಡದಲ್ಲಿ ಕೋವಿಡ್ ಆಸ್ಪತ್ರೆ ತೆರೆದದ್ದು ಗಡಿ ಮುಚ್ಚಿದ ಮೇಲೆ, 2020ರ ಎಪ್ರಿಲ್‌ನಲ್ಲಿ.

ನಾನು ಊರಲ್ಲಿ ನೆಮ್ಮದಿಯಿಂದ ಇದ್ದೇನೆ ಅಂದರೆ ಮಂಗಳೂರಿನ ರಸ್ತೆ ತೆರೆದಿದೆ ಅಂತ ಅರ್ಥ. ಅದು ಮುಚ್ಚಿದ ದಿನ ಗಾಳಿಯೂ ಚೆನ್ನಾಗಿತ್ತು, ಹಕ್ಕಿಗಳೂ ಕೂಗುತ್ತಿದ್ದವು. ಯಾರೂ ಫೋನ್ ಮಾಡಿ ಪುಣ್ಯವಂತ ಅನ್ನಲಿಲ್ಲ.

ಭಾವ ಜಾಗ ತಗೊಳ್ಳಲಿಲ್ಲ. ಮಂಗಳೂರಲ್ಲಿ ಫ್ಲ್ಯಾಟ್ ತಗೊಂಡ. ಜಾಣ.

ಈಗ ಮನೆಯಲ್ಲಿ ಇದೇ ಲೆಕ್ಕಾಚಾರ ಮಗಳ ವಿಷಯದಲ್ಲಿ ನಡೆಯುತ್ತಿದೆ. ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ಕ್ಲಾಸು. ಮುಂದೆ ಕರ್ನಾಟಕದಲ್ಲಿ ಇಂಜಿನಿಯರಿಂಗ್ ಸೀಟು ಬೇಕಾದರೆ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅಂತ ಒಂದು ದಾರಿ ಉಂಟು. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದವರ ಜೊತೆ ನಮ್ಮ ಜಿಲ್ಲೆಯ ಕಾಸರಗೋಡು, ಹೊಸದುರ್ಗ, ಮಂಜೇಶ್ವರದವರೂ ಅದರಲ್ಲಿ ಸೇರುತ್ತಾರೆ. ಆದರೆ ಕನ್ನಡ ಬರುತ್ತದೆ ಅಂತ ಪರೀಕ್ಷೆ ಬರೆದು ತೋರಿಸಬೇಕು. ಇತ್ತ ಕೇರಳದಲ್ಲಿ ಶಾಲೆಯಲ್ಲಿ ಮಲಯಾಳ ಕಲಿಯಬೇಕು ಅಂತ 2017ರಲ್ಲಿ ಕಾಯ್ದೆ ಬಂತು. ಇದನ್ನೆಲ್ಲ ನಾನು ಗಂಭೀರವಾಗಿ ವಿವರಿಸುತ್ತಿದ್ದರೆ ಅವಳು ಮೊಬೈಲಿನಿಂದ ತಲೆ ಎತ್ತದೆ ಕೇಳಿದಳು.

"ಅಪ್ಪಾ, ತುಳು ಪರೀಕ್ಷೆ ಯಾರೂ ಮಾಡುದಿಲ್ವಾ? ಅದರಲ್ಲಾದ್ರೆ ನಂಗೆ ಫುಲ್ ಮಾರ್ಕ್ಸ್."