ಘಟ್ಟದವರು ಯಾರು, ಕರಾವಳಿಯವರು ಯಾರು: ಚಾಟ್‌ನ ಬಣ್ಣದ ಬಗ್ಗೆ

ರಜೆ ಬಂತೆಂದರೆ ನಮ್ಮ ಶಿರಸಿಯ ಮನೆಯ ಮಕ್ಕಳೂ ಕಾರವಾರದಲ್ಲಿರುವ ಅವರ ಸೋದರಸಂಬಂಧಿಗಳೂ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಒಟ್ಟಾಗಿ ಆಡಲೆಂದು ನಾನೊಂದು ಸಣ್ಣ ಸರ್ವರ್ ನಡೆಸುತ್ತೇನೆ. ಎರಡು ತಂಡಗಳಿಗೆ ಘಟ್ಟ, ಕರಾವಳಿ ಎಂದು ಹೆಸರಿಟ್ಟಿದ್ದೆ. ಆದರೆ ನಾವು ಕಂಪ್ಯೂಟರ್‌ನಲ್ಲಿ ಆಡುವ ಜಾವಾ ಆವೃತ್ತಿ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ. ‘ಘಟ್ಟ’ದ ಒತ್ತು ಕೆಳಗಿಳಿಯದೆ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ನೋಡಲಾಗದೆ ಹೆಸರುಗಳನ್ನೇ ತೆಗೆದು, ಘಟ್ಟದವರಿಗೆ ಕಡುಹಸಿರು, ಕರಾವಳಿಯವರಿಗೆ ಕಡುಗೆಂಪು ಎಂದು ಚಾಟ್‌ನಲ್ಲಿ ಕಾಣುವ ಆಟಗಾರರ ಹೆಸರಿಗೆ ಬಣ್ಣವನ್ನಷ್ಟೇ ಉಳಿಸಿದೆ.

ಒಂದು ಸಂಜೆ ಅಕ್ಕನ ಮಗ ತನ್ನ ತಂಡ ವಜ್ರ ಬಚ್ಚಿಟ್ಟ ಜಾಗವನ್ನು ಎದುರಾಳಿ ಚಾಟ್‌ನಲ್ಲಿ ಕೇಳಿದ ಕೂಡಲೇ ಹೇಳಿಬಿಟ್ಟ. ಮಾಣಿಗೆ ಗಮನವೇ ಇಲ್ಲವೆಂದು ಉಳಿದವರು ಗದರಿದರು; ನಾನೂ ಹಾಗೆಯೇ ತಿಳಿದೆ. ಮರುದಿನ ಅವನೇ ಬಂದು, “ಎರಡೂ ಒಂದೇ ನಮನಿ ಕಾಣ್ತು ಮಾವ” ಎಂದಾಗ, ತೋಟದಲ್ಲಿ ಉದುರಿದ ಹಣ್ಣಡಿಕೆಯನ್ನು ಹಸಿರು ಕಳೆಯ ನಡುವೆ ಹೆಕ್ಕುವಾಗ ಅವನು ಪ್ರತಿ ಬಾರಿಯೂ ಹಿಂದೆ ಬೀಳುತ್ತಿದ್ದುದು ನೆನಪಾಯಿತು. ಕಣ್ಣಿನ ವೈದ್ಯರು ಪರೀಕ್ಷಿಸಿ ಕೆಂಪು-ಹಸಿರು ವರ್ಣಾಂಧತೆ ಎಂದರು. ಇದಕ್ಕೆ ಸಾಮಾನ್ಯವಾಗಿ ಕಾರಣವಾಗುವ ವಂಶವಾಹಿಗಳು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಇದು ಗಂಡುಮಕ್ಕಳಲ್ಲೇ ಹೆಚ್ಚು.

ಅಂದಿನಿಂದ ಚಾಟ್‌ನ ಬಣ್ಣಗಳನ್ನು ನಾನು ಅಲಂಕಾರವೆಂದು ನೋಡಿಲ್ಲ. ಜಾವಾ ಆವೃತ್ತಿಯಲ್ಲಿ § ಚಿಹ್ನೆಯ ನಂತರ 0ರಿಂದ 9ರವರೆಗಿನ ಅಂಕಿ ಅಥವಾ ಎಯಿಂದ ಎಫ್‌ವರೆಗಿನ ಅಕ್ಷರ ಬಂದರೆ ಒಟ್ಟು 16 ಬಣ್ಣಗಳು ಸಿಗುತ್ತವೆ. ಆಟಗಾರರು ಚಾಟ್‌ನಲ್ಲಿ ಈ ಚಿಹ್ನೆಯನ್ನು ನೇರವಾಗಿ ಹಾಕುವಂತಿಲ್ಲವಾದ್ದರಿಂದ, ಅನೇಕ ಸರ್ವರ್‌ಗಳು ಅದರ ಬದಲಿಗೆ & ಚಿಹ್ನೆಯನ್ನು ಸ್ವೀಕರಿಸುವ ಪ್ಲಗಿನ್‌ಗಳೆಂಬ ಹೆಚ್ಚುವರಿ ತಂತ್ರಾಂಶಗಳನ್ನು ಬಳಸುತ್ತವೆ. 2020ರ 1.16 ಆವೃತ್ತಿಯ ನಂತರ ಈ 16ರ ಆಚೆಗಿನ ಬಣ್ಣಗಳೂ ಬಂದಿವೆ, ಆದರೆ ಓದುವ ಕಣ್ಣಿಗೆ 16 ಬೇಕಾದಷ್ಟಾಯಿತು. ಅದರಲ್ಲೂ ಚಾಟ್‌ನ ಹಿನ್ನೆಲೆ ಅರೆಪಾರದರ್ಶಕ ಕಪ್ಪಾಗಿರುವುದರಿಂದ ಕಪ್ಪು ಮತ್ತು ಕಡುನೀಲಿ ಅಲ್ಲಿ ಮುಳುಗಿಹೋಗುತ್ತವೆ.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ದಪ್ಪ ಅಕ್ಷರಕ್ಕೆ ಎಲ್, ಓರೆಗೆ ಓ, ಅಡಿಗೆರೆಗೆ ಎನ್, ಎಲ್ಲವನ್ನೂ ಮೊದಲ ಸ್ಥಿತಿಗೆ ತರಲು ಆರ್ ಎಂಬ ಸಂಕೇತಗಳಿವೆ. ಆದರೆ ಜಾವಾ ಆವೃತ್ತಿಯಲ್ಲಿ ಬಣ್ಣದ ಸಂಕೇತವು ತನಗಿಂತ ಹಿಂದೆ ಬಂದ ಶೈಲಿಯನ್ನು ಅಳಿಸಿಹಾಕುತ್ತದೆಯಾದ್ದರಿಂದ, ಮೊದಲು ಬಣ್ಣ ಬರೆದು ಅನಂತರ ದಪ್ಪ ಎಂದು ಬರೆಯದಿದ್ದರೆ ಬಣ್ಣ ಮಾತ್ರ ಉಳಿಯುತ್ತದೆ. ಮೊಬೈಲ್‌ನಲ್ಲೂ ಆಡಬಹುದಾದ ಬೆಡ್‌ರಾಕ್ ಆವೃತ್ತಿಯಲ್ಲಿ ಹೀಗಾಗುವುದಿಲ್ಲ. ಅಕ್ಷರಗಳನ್ನು ಎಡೆಬಿಡದೆ ಕುಣಿಸುವ ಕೆ ಸಂಕೇತವನ್ನು ನಾನು ಮಕ್ಕಳಿಗೆ ಕೊಟ್ಟಿಲ್ಲ. ಓದಲಾಗದ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ.

ತಂಡಗಳ ಬದಲಾವಣೆಗೆ ಪ್ಲಗಿನ್ ಕೂಡ ಬೇಕಾಗಲಿಲ್ಲ, ಆಟದಲ್ಲೇ ಇರುವ ‘ಟೀಮ್’ ಆಜ್ಞೆಯಿಂದ ಬಣ್ಣವನ್ನೂ ಹೆಸರಿನ ಮುಂದಿನ ಪದವನ್ನೂ ನಿಗದಿಪಡಿಸಬಹುದು. ಹಸಿರು-ಕೆಂಪಿನ ಬದಲು ಹೊನ್ನಿನ ಬಣ್ಣ ಮತ್ತು ತಿಳಿನೀಲಿ ಇಟ್ಟೆ. ಬಣ್ಣ ಕಾಣದಿದ್ದರೂ ಗುರುತು ಸಿಗಲೆಂದು ಪ್ರತಿ ಆಟಗಾರನ ಹೆಸರಿನ ಮುಂದೆ ತಂಡದ ಹೆಸರನ್ನು ಮತ್ತೆ ತಂದೆ, ಈ ಬಾರಿ ಒತ್ತಕ್ಷರವೇ ಇಲ್ಲದ ‘ಮಲೆ’ ಮತ್ತು ‘ಕಡಲು’. ಆ ಎರಡು ಪದಗಳನ್ನು ಹುಡುಕಿಕೊಟ್ಟವನು ಅಕ್ಕನ ಮಗನೇ. ಅವನೀಗ ಮಲೆಯ ತಂಡದ ವಜ್ರದ ಉಸ್ತುವಾರಿ ನೋಡಿಕೊಳ್ಳುತ್ತಾನೆ.