ಬಾಗಿಲು ಹಾಕಿತ್ತಾ?

ಸೋಮವಾರ ಸಂಜೆ ಉಡುಪಿಯ ನಮ್ಮ ಮನೆಯ ಜಗಲಿಯಲ್ಲಿ ಮಗ ತನ್ನ ಮೊಬೈಲನ್ನು ನನ್ನ ಸೋದರಮಾವನ ಮುಂದೆ ಹಿಡಿದು, “ಅಜ್ಜ, ನೋಡಿ, ಒಂದೇ ರಾಕೆಟ್, ಇಡೀ ಮನೆ ಹೋಯಿತು” ಎಂದ. ಯುಕ್ರೇನ್ ಯುದ್ಧದ್ದು ಎನ್ನಲಾದ ಆ ದೃಶ್ಯವನ್ನು ಕೊನೆಯವರೆಗೂ ನೋಡಿದ ಮಾವ ಕೇಳಿದ್ದು ಇಷ್ಟೇ: “ಬಾಗಿಲು ಹಾಕಿತ್ತಾ ಮಾರಾಯ?”

22 ವರ್ಷ ಸೈನ್ಯದಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು ಅವರು. ಹಾಗಾಗಿ ಇದು ಕಸುಬಿನ ಪ್ರಶ್ನೆಯೆಂದೇ ನಾನು ಭಾವಿಸಿದೆ. ಮಗನೂ ಹಾಗೆಯೇ ತಿಳಿದು, ಕ್ರಿಕೆಟ್ ಸ್ಕೋರು ಹೇಳುವ ಉತ್ಸಾಹದಲ್ಲಿ ವಿವರಿಸತೊಡಗಿದ. ರಷ್ಯನ್ನರ ಈ ಆಯುಧದ ಹೆಸರು ಶ್ಮೆಲ್, ಅಂದರೆ ದುಂಬಿ, 93 ಮಿ.ಮೀ. ಕೊಳವೆ, ಸುಮಾರು 11 ಕಿಲೋ ತೂಕ, ಒಬ್ಬನೇ ಹೆಗಲ ಮೇಲಿಟ್ಟು ಹಾರಿಸಬಹುದು. ಒಳಗಿರುವ ಮಿಶ್ರಣ ಎರಡು ಕಿಲೋ ಚಿಲ್ಲರೆ, ಅಂದರೆ ನಾವು ಮನೆಗೆ ತರುವ ಸಕ್ಕರೆ ಪೊಟ್ಟಣಗಳಷ್ಟು. ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳುವ ಈ ಹುಡುಗರ ಜ್ಞಾನದ ಬಗ್ಗೆ ನನಗೆ ಮೊದಲಿನಿಂದಲೂ ಅಸಮಾಧಾನವಿದೆ, ಇರಲಿ.

ಥರ್ಮೋಬ್ಯಾರಿಕ್ ಎಂಬ ಈ ಸಿಡಿತಲೆಯ ಇಂಧನ ಗಾಳಿಯಲ್ಲಿ ಹರಡಿ, ಅಲ್ಲಿನ ಆಮ್ಲಜನಕವನ್ನೇ ಬಳಸಿಕೊಂಡು ಉರಿಯುತ್ತದೆ. ಅದರ ಒತ್ತಡದ ಅಲೆ ಸಾಮಾನ್ಯ ಸ್ಫೋಟಕದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಬಯಲಿನಲ್ಲಾದರೆ ಚದುರಿಹೋಗುವ ಆ ಅಲೆ ಕೋಣೆಯೊಳಗೆ ಗೋಡೆಯಿಂದ ಗೋಡೆಗೆ ಬಡಿದು ಮರಳುತ್ತದೆ. ಮೈಮೇಲೆ ದೊಡ್ಡ ಗಾಯ ಕಾಣದಿದ್ದರೂ ಶ್ವಾಸಕೋಶ ಹರಿದಿರಬಹುದು. ಸೋವಿಯತ್ ಸೈನ್ಯ ಇದನ್ನು ಅಫಘಾನಿಸ್ತಾನದ ಗುಹೆಗಳಿಗೆ ಹಾರಿಸಿತು, ಅನಂತರ ರಷ್ಯನ್ನರು ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯ ಕಟ್ಟಡಗಳಿಗೆ. 2004ರಲ್ಲಿ ಇರಾಕಿನ ಫಲ್ಲೂಜಾ ನಗರದಲ್ಲಿ ಅಮೆರಿಕದ ಮರೀನ್ ಸೈನಿಕರು ತಮ್ಮದೇ ಹೆಗಲ ರಾಕೆಟ್‌ಗಳಲ್ಲಿ ಇಂಥದೇ ಮದ್ದನ್ನು ಮನೆಗಳ ಮೇಲೆ ಬಳಸಿದರು. ಮನೆಮನೆಗೂ ನುಗ್ಗುವಾಗ ತನ್ನ ಜೊತೆಗಾರ ಹೊಸ್ತಿಲಲ್ಲೇ ಸಾಯುವುದನ್ನು ಕಂಡ ಕಾಲಾಳು ಇದನ್ನು ಏಕೆ ಬಯಸುತ್ತಾನೆಂಬುದು ನನಗೂ ಅರ್ಥವಾಗುತ್ತದೆ. ಬೆಂಕಿ ಹಚ್ಚುವ ಆಯುಧಗಳನ್ನು ನಿರ್ಬಂಧಿಸುವ 1980ರ ಒಪ್ಪಂದವೊಂದಿದೆ; ಆದರೆ ಮುಖ್ಯವಾಗಿ ಸ್ಫೋಟದಿಂದಲೇ ಕೊಲ್ಲುವ ಇವನ್ನು ಹೆಸರಿಸಿ ನಿಷೇಧಿಸಿದ ಒಪ್ಪಂದವಿಲ್ಲ. ಜನವಸತಿಯ ಮೇಲೆ ಗುರಿಯಿಡಬಾರದೆಂಬ ಸಾಮಾನ್ಯ ನಿಯಮವೇನೋ ಇದೆ, ಆದರೆ ಹೆಗಲ ಮೇಲೆ ಕೊಳವೆ ಹೊತ್ತವನಿಗೆ ಕಾಣುವುದು ಒಂದು ಗೋಡೆ ಮಾತ್ರ.

ಅಂದು ರಾತ್ರಿ ಮಳೆಯ ಇರಚಲಿಗೆ ಕಿಟಕಿ ಮುಚ್ಚಿ, ಮುಂಬಾಗಿಲಿನ ಚಿಲಕ ಹಾಕುವಾಗ ಮಾವನ ಪ್ರಶ್ನೆ ಮತ್ತೆ ಕಿವಿಗೆ ಬಿತ್ತು. ಗಾಳಿ ಬಂದರೂ ಗಲಾಟೆಯಾದರೂ ನಾವು ಮಾಡುವ ಮೊದಲ ಕೆಲಸ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುವುದು. ಆ ಗೋಡೆಗಳನ್ನೇ ಒಳಗಿದ್ದವರ ವಿರುದ್ಧ ತಿರುಗಿಸುವ ಆಯುಧವಿದು. ಆದರೆ ಮಾವ ಕೇಳಿದ್ದು ಅದನ್ನೂ ಅಲ್ಲ ಎಂದು ಹಾಸಿಗೆಯಲ್ಲಿ ಹೊಳೆಯಿತು. ಊರು ಬಿಟ್ಟು ಓಡಿದವರ ಮನೆ ಯುದ್ಧಕಾಲದಲ್ಲಿ ಹಾರುಹೊಡೆದಿರುವುದುಂಟು. ಕದ ಮುಚ್ಚಿದೆ ಎಂದರೆ ಒಳಗೆ ಯಾರೋ ಇರಬಹುದು.

ಬೆಳಿಗ್ಗೆ ಇದನ್ನು ಮಗನಿಗೆ ಹೇಳಿದೆ. ಅವನು ವಾದಿಸಲಿಲ್ಲ. ಕಾಫಿ ಆರುತ್ತಿದ್ದರೂ ಲೆಕ್ಕಿಸದೆ ಆ ದೃಶ್ಯವನ್ನು ಮತ್ತೆ ಹಾಕಿ, ಸ್ಫೋಟಕ್ಕೆ ಮುಂಚಿನ ಕ್ಷಣದಲ್ಲಿ ನಿಲ್ಲಿಸಿ, ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದ.

“ಬಾಗಿಲು ಕಾಣುವುದಿಲ್ಲ ಅಪ್ಪ,” ಎಂದ. “ಕಿಟಕಿಗೆ ಪರದೆ ಇದೆ.”